ಸಮಾಧಾನದ ಫಾದರ್

ಎಲ್ಲರೂ ಅವರನ್ನು ಸಮಾಧಾನದ ಫಾದರ್ ಎಂದೇ ಕರೆಯುತ್ತಿದ್ದರು. ಹೆಸರು ಸುಮ್ಮನೆ ಬಂದದ್ದಲ್ಲ. ಮನೆಯಲ್ಲಿ ಜಗಳವಾದರೆ, ಕೆಲಸ ಹೋದರೆ, ಮಗು ತೀರಿಕೊಂಡರೆ ಜನ ಮೊದಲು ಬರುತ್ತಿದ್ದದ್ದು ಚರ್ಚಿನ ಪಕ್ಕ ಫಾದರ್ ವಾಸವಿದ್ದ ಗುರುಮನೆಯ ಮುಂದಿನ ಕೋಣೆಗೆ. ಅಲ್ಲಿ ಎರಡು ಬೆತ್ತದ ಕುರ್ಚಿ, ಗೋಡೆಯಲ್ಲೊಂದು ಶಿಲುಬೆ, ಅಷ್ಟೆ. ಫಾದರ್ ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು. ಕೊನೆಯಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು: "ತಾಳ್ಕೋ ಮಗಳೇ. ಶಿಲುಬೆ ಕೆಳಗಿಡಬೇಡ. ನೀನು ಹೊರೋ ಅಷ್ಟು ದೂರ ದೇವರೂ ಜೊತೆಗೆ ಹೊರ್ತಾರೆ."

ಅದು ಬಾಯಿಪಾಠದ ಮಾತಾಗಿರಲಿಲ್ಲ. ಚರ್ಚಿನ ಬಾಗಿಲು ತೆರೆಯುವ ಮುಂಚೆಯೇ ಎದ್ದು, ಪವಿತ್ರ ರೊಟ್ಟಿಯಿಡುವ ಪರಮಪ್ರಸಾದದ ಪೆಟ್ಟಿಗೆಯ ಮುಂದೆ ಬರೀ ನೆಲದಲ್ಲಿ ಮಂಡಿಯೂರಿ ಕೂರುತ್ತಿದ್ದರು. ಮಂಡಿ ಸವೆದು ಹೋಗಿತ್ತು, ಡಾಕ್ಟರು ಬೈದಿದ್ದರು, ಆದರೂ ದಿಂಬು ಬೇಡವೆನ್ನುತ್ತಿದ್ದರು. ಅವರ ತಾಯಿ ಕುಡುಕ ಗಂಡನ ಜೊತೆ ತುಟಿ ಪಿಟಕ್ಕೆನ್ನದೆ ಬಾಳಿ, ಜಪಸರ ಹಿಡಿದೇ ಕಣ್ಣು ಮುಚ್ಚಿದವರು. ಆಕೆಯನ್ನು ಸಂತಳೆಂದೇ ಫಾದರ್ ನಂಬಿದ್ದರು. ಆಕೆಗೂ ಬೇರೆ ದಾರಿ ಬೇಕಿತ್ತೇನೋ ಎಂದು ಅವರಿಗೆ ಯಾವತ್ತೂ ಹೊಳೆದಿರಲಿಲ್ಲ.

ಬಲಿಪೀಠದ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡಿ ಕೊಡುತ್ತಿದ್ದವಳು ಹಿಂದಿನ ಬೀದಿಯ ಇಸ್ತ್ರಿ ಅಂಗಡಿಯ ವಿಧವೆ. ಒಂದು ಸಂಜೆ ಅವಳ ಮಗಳು ಗುರುಮನೆಗೆ ಬಂದಳು. ಸೆಕೆಯಲ್ಲೂ ಉದ್ದ ತೋಳಿನ ಅಂಗಿ. ಗಂಡ ಎಲೆಕ್ಟ್ರಿಷಿಯನ್; ಚರ್ಚಿನ ಮೈಕು, ದೀಪ ನೋಡಿಕೊಳ್ಳುತ್ತಿದ್ದವನೂ ಅವನೇ.

"ಇನ್ನು ಆಗಲ್ಲ ಫಾದರ್. ಅಮ್ಮನ ಮನೆಗೆ ಹೋಗ್ಬಿಡ್ಲಾ?"

ಫಾದರ್ ಅವಳ ಗಂಡನನ್ನು ಕರೆಸಿದರು. ಅವನು ಬಂದ, ಗಳಗಳ ಅತ್ತ, ಶಿಲುಬೆ ಮುಟ್ಟಿ ಇನ್ನು ಕೈ ಎತ್ತುವುದಿಲ್ಲವೆಂದ. ಫಾದರ್ ಇಬ್ಬರ ಕೈಯನ್ನೂ ಕೂಡಿಸಿ ಪ್ರಾರ್ಥಿಸಿದರು. ಹೋಗುವಾಗ ಅವಳು ಬಾಗಿಲಲ್ಲಿ ಒಮ್ಮೆ ನಿಂತು ತಿರುಗಿ ನೋಡಿದಳು. ಫಾದರ್ ನಕ್ಕು, ಹೋಗು ಎಂದು ತಲೆಯಾಡಿಸಿದರು. ಒಂದು ಮನೆ ಉಳಿಸಿದೆ ಎಂಬ ತೃಪ್ತಿಯಲ್ಲಿ ಅವರಿಗೆ ಅವತ್ತು ಒಳ್ಳೆಯ ನಿದ್ದೆ ಬಂತು.

ಆ ವರ್ಷ ಮುಗಿಯುವುದರೊಳಗೆ ಅವಳು ಸತ್ತಳು. ಮಹಡಿ ಮೆಟ್ಟಿಲಲ್ಲಿ ಕಾಲು ಜಾರಿತೆಂದು ಗಂಡ ಹೇಳಿದ. ಪೊಲೀಸರು ಬಂದರು, ಕೇಳಿದರು, ನೋಡಿದವರು ಯಾರೂ ಇಲ್ಲವೆಂದು ಬಿಟ್ಟರು. ಮಗಳ ಮೈ ತೊಳೆದ ತಾಯಿಗೆ ಮಾತ್ರ ಯಾವುದು ಹೊಸ ಗಾಯ, ಯಾವುದು ಹಳೆಯದು ಎಂದು ತಿಳಿಯಿತು. ಫಾದರೇ ಶವಪೆಟ್ಟಿಗೆಯ ಮೇಲೆ ಪವಿತ್ರ ಜಲ ಚಿಮುಕಿಸಿದರು.

ಮಣ್ಣು ಮಾಡಿದ ಮರುವಾರ ತಾಯಿ ಬಂದಳು. ಇಸ್ತ್ರಿಯಾದ ಬಿಳಿ ಬಟ್ಟೆಗಳನ್ನು ಮೇಜಿನ ಮೇಲಿಟ್ಟಳು.

"ಇನ್ಮೇಲೆ ಬೇರೆ ಯಾರಿಗಾದ್ರೂ ಕೊಡಿ ಫಾದರ್."

"ನನ್ನ ಮೇಲೆ ಕೋಪನಾ ಅಮ್ಮ?"

"ಅವಳು ಮೊದಲು ನನ್ನ ಹತ್ರಾನೇ ಬಂದಿದ್ಲು. ಹಾಸಿಗೆ ಹಾಸಿದ್ದೆ. ಆಮೇಲೆ ನಾನೇ ಎಬ್ಬಿಸಿದೆ. ಫಾದರನ್ನ ಒಂದ್ಮಾತು ಕೇಳ್ಬಿಡು, ಅವರು ಹೇಳಿದ ಹಾಗೆ ಮಾಡು ಅಂದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಕೋಪ ಯಾರ ಮೇಲೆ ಅಂತ ಹೇಳ್ಲಿ?"

ಅವಳು ಹೋದಮೇಲೆ ಫಾದರ್ ಆ ಬಟ್ಟೆಗಳನ್ನು ತಾವೇ ಎತ್ತಿಕೊಂಡು ಚರ್ಚಿಗೆ ನಡೆದರು.

ಮುಂದಿನ ಭಾನುವಾರ ಪೂಜೆಯ ನಡುವೆ ಪ್ರಸಂಗ ಹೇಳಲು ನಿಂತ ಫಾದರ್ ಹೇಳಿಬಿಟ್ಟರು: "ನಾನು ನಿಮಗೆ ತಪ್ಪು ಕಲಿಸಿದೆ. ಹೊಡೆತ ತಿನ್ನೋದು ಶಿಲುಬೆ ಹೊರೋದಲ್ಲ. ನನ್ನ ಮಾತು ಕೇಳಿ ಒಬ್ಬ ಹೆಣ್ಣುಮಗಳು ಸತ್ತಳು." ಆದರೆ ಪೂಜೆ ಮುಗಿದಮೇಲೆ ಹಿರಿಯರು ಒಬ್ಬೊಬ್ಬರಾಗಿ ಬಂದು ಅವರ ಕೈ ಹಿಡಿದರು. "ಎಂಥಾ ವಿನಯ ಫಾದರ್! ಮಾಡದ ತಪ್ಪನ್ನೂ ತಲೆ ಮೇಲೆ ಹಾಕ್ಕೋತೀರಲ್ಲ!" ಮೈಕಿನ ಪೆಟ್ಟಿಗೆಯ ಹತ್ತಿರ ನಿಂತಿದ್ದ ಎಲೆಕ್ಟ್ರಿಷಿಯನ್ ಕೂಡ ಕಣ್ಣೊರೆಸಿಕೊಳ್ಳುತ್ತಿದ್ದ. ಇನ್ನು ಚರ್ಚಿನ ಕೆಲಸಕ್ಕೆ ಬರಬೇಡವೆಂದು ಫಾದರ್ ಅವನನ್ನು ಕಳಿಸಿದಾಗ, ಪಾಪ, ಹೆಂಡತಿ ಕಳಕೊಂಡವನನ್ನು ಹೀಗೆ ಮಾಡಬಾರದಿತ್ತು ಎಂದು ಅದೇ ಹಿರಿಯರು ಗೊಣಗಿದರು.

ಫಾದರ್ ಬಿಷಪ್ಪರ ಬಳಿ ಹೋಗಿ ತಮ್ಮನ್ನು ಪ್ರಸಂಗ ಹೇಳುವ ಕೆಲಸದಿಂದ ಬಿಡಿಸಿ ಎಂದು ಕೇಳಿಕೊಂಡರು. ಬಿಷಪ್ಪರು ಅವರ ಭುಜದ ಮೇಲೆ ಕೈಯಿಟ್ಟು, "ಇದು ದೇವರ ಪರೀಕ್ಷೆ ಫಾದರ್. ತಾಳ್ಕೊಳ್ಳಿ," ಎಂದರು.

ಮುಂಜಾನೆ ಮಂಡಿಯೂರುವುದನ್ನು ಅವರು ಬಿಡಲಿಲ್ಲ. ಆದರೆ ಜಪಸರದ ಮಣಿಗಳು ಬೆರಳಲ್ಲಿ ಸರಿಯುತ್ತಿದ್ದವು, ಬಾಯಲ್ಲಿ ಮಾತು ಸರಿಯುತ್ತಿತ್ತು, ಒಳಗೆ ಏನೂ ಇರುತ್ತಿರಲಿಲ್ಲ. ಕ್ಷಮೆ ಕೇಳಲು ಹೋದರೆ ಬಾಗಿಲಲ್ಲಿ ತಿರುಗಿ ನಿಂತ ಆ ಮುಖವೇ ಎದುರಾಗುತ್ತಿತ್ತು. ದೇವರು ಕ್ಷಮಿಸಿದರೂ ಅದರಿಂದ ಅವಳಿಗೇನು ಬಂತು ಎಂದುಕೊಂಡು ಅರ್ಧಕ್ಕೇ ಏಳುತ್ತಿದ್ದರು.

ಹೀಗಿರುವಾಗ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಬಂದಳು. ತುಟಿ ಒಡೆದಿತ್ತು, ಕಣ್ಣ ಕೆಳಗೆ ಕಪ್ಪುಗಟ್ಟಿತ್ತು. ಫಾದರ್ ಅವಳಿಗೆ ಮಾತು ಮುಗಿಸಲೂ ಬಿಡಲಿಲ್ಲ.

"ವಾಪಸ್ ಹೋಗ್ಬೇಡ. ಕಾನ್ವೆಂಟಲ್ಲಿ ಸಿಸ್ಟರುಗಳ ಹತ್ರ ಮಾತಾಡಿದೀನಿ, ಕೋಣೆ ಇದೆ. ಈಗಲೇ ಬಾ, ನಾನೇ ಬಿಟ್ಟು ಬರ್ತೀನಿ."

ಅವಳು ಬೆಚ್ಚಿದಳು. "ಇದೇನು ಹೀಗಂತೀರಿ ಫಾದರ್? ನಾನು ಪ್ರಾರ್ಥನೆ ಮಾಡಿಸ್ಕೊಂಡು ಹೋಗೋಣ ಅಂತ ಬಂದೆ."

"ನಾನು ಹೇಳ್ತಿದ್ದದ್ದು ತಪ್ಪು, ತಾಯಿ. ತಾಳಬೇಡ."

"ಹಾಗಾದ್ರೆ ಇಷ್ಟು ವರ್ಷ ತಾಳಿದ್ದು ದಂಡ ಆಯ್ತಾ?" ಅವಳು ಎದ್ದು ನಿಂತಳು. "ದೇವರು ಜೊತೆಗೆ ಹೊರ್ತಾರೆ ಅಂದ್ರಲ್ಲ, ಅದೊಂದನ್ನ ಹಿಡ್ಕೊಂಡು ಉಸಿರಾಡ್ತಿದೀನಿ. ಅದನ್ನೂ ಕಿತ್ಕೊಂಡ್ರೆ ನಂಗೆ ಇನ್ನೇನಿದೆ?"

ಅವಳು ಅವರ ಕೈಯನ್ನು ಕಣ್ಣಿಗೊತ್ತಿಕೊಂಡು ಹೊರಟುಹೋದಳು.

ಸ್ವಲ್ಪ ಹೊತ್ತಿನ ಮೇಲೆ ಅವರೂ ನೋಯುವ ಮಂಡಿಯಲ್ಲೇ ಕಾಲೆಳೆಯುತ್ತ ಅವಳ ಮನೆಗೆ ಹೋದರು. ಗಂಡನೇ ಬಾಗಿಲು ತೆಗೆದ. ಲಾರಿ ಡ್ರೈವರ್, ತಗ್ಗಿದ ದನಿಯವನು. "ಫಾದರ್ ಬಂದ್ರು ನೋಡೇ! ಕುರ್ಚಿ ಹಾಕು!"

"ಕೂರೋಕೆ ಬಂದಿಲ್ಲ. ಇವಳನ್ನ ಕರ್ಕೊಂಡು ಹೋಗೋಕೆ ಬಂದೆ."

ಡ್ರೈವರ್ ನಗುತ್ತಲೇ ಹೆಂಡತಿಯ ಕಡೆ ತಿರುಗಿದ. "ನಾನೇನು ಕಟ್ಟಿ ಹಾಕಿದೀನಾ? ಅವಳನ್ನೇ ಕೇಳಿ."

ಅವಳು ಹೊಲಿಗೆ ಮೆಷಿನ್ನಿನ ಮುಂದೆ ಕೂತು, ತಲೆ ಎತ್ತದೆ ಹೇಳಿದಳು: "ಬಾಗಿಲು ತಗುಲಿತು ಫಾದರ್. ನೀವು ತಪ್ಪು ತಿಳ್ಕೊಂಡಿದೀರಿ. ದಯವಿಟ್ಟು ಹೋಗಿ."

ಫಾದರ್ ಎಷ್ಟು ಹೇಳಿದರೂ ಅವಳು ಕದಲಲಿಲ್ಲ. ಡ್ರೈವರ್ ಅವರನ್ನು ಮರ್ಯಾದೆಯಿಂದಲೇ ಹೊಸ್ತಿಲವರೆಗೆ ಬಿಟ್ಟು ಬಾಗಿಲು ಹಾಕಿಕೊಂಡ. ಬೀದಿಯಲ್ಲಿ ನಿಂತ ಫಾದರ್‌ಗೆ ಮೆಷಿನ್ನಿನ ಸದ್ದು ಕೇಳುತ್ತಿತ್ತು. ಅದು ಹಠಾತ್ತನೆ ನಿಂತಿತು. ಅವರು ತಿರುಗಿ ಹೋಗಿ ಬಾಗಿಲು ಬಡಿದರು. ಯಾರೂ ತೆಗೆಯಲಿಲ್ಲ.

ಪಕ್ಕದ ಮನೆಯ ಅಜ್ಜಿ ಕಿಟಕಿಯಿಂದ ಇಣುಕಿದಳು. "ಅಲ್ಲಿ ಅದು ಮಾಮೂಲಿ ಫಾದರ್. ನೀವು ಹೋಗಿ, ಒಂದು ಪ್ರಾರ್ಥನೆ ಹೇಳ್ಕೊಳ್ಳಿ."

ಅವರು ಎರಡೂ ಮುಷ್ಟಿಯಿಂದ ಬಾಗಿಲು ಬಡಿಯುತ್ತಲೇ ಇದ್ದರು.