ತಲೆ ಮುಟ್ಟುವಷ್ಟು ಹೊತ್ತು

ಬಾಲ್, ಎಂದ ಬೆನ್ನ ಹಿಂದಿನ ಅಂಪೈರ್, ಪುದೀನಾ ಗಮ್ಮಿನ ವಾಸನೆ ಸಿದ್ಧಾರೂಢನ ಕಿವಿಯ ಹತ್ತಿರ ಸುಳಿಯಿತು, ಗ್ಲೌಸಿನೊಳಗೆ ಅಂಗೈ ಇನ್ನೂ ಚುರುಗುಟ್ಟುತ್ತಿದೆ — ಬಾಲ್ ಅಂತೆ, ಚೆಂಡು ಗೆರೆಯಾಚೆ ಹೋಯಿತಂತೆ, ಎಲ್ಲಿಯ ಬಾಲ್, ಗೆರೆಯೊಳಗೇ ಬಂತಲ್ಲ, ಸ್ಟ್ರೈಕೇ ಅದು, ಅಲ್ಲವೇ? ಎರಡು ಸೆಕೆಂಡಿನೊಳಗೆ, ಬ್ಯಾಟು ಹಿಡಿದವನ ಹಿಂದೆ ಕೂತ ಕ್ಯಾಚರ್ ತನ್ನ ಹೆಲ್ಮೆಟ್ ಮುಟ್ಟಿದರೆ ಸಾಕು, ಕ್ಯಾಮೆರಾ ನಿಜ ಹೇಳುತ್ತದೆ, ಬೇಸ್‌ಬಾಲಿಗೆ ಈ ವರ್ಷ ಬಂದ ಹೊಸ ನಿಯಮ, ಆದರೆ ಈ ವಾರ ಅವನು ಮುಟ್ಟಿದ್ದು ಮೂರು ಸಲ, ಮೂರೂ ಸಲ ತಪ್ಪು, ವಿ ನೀಡ್ ಯುವರ್ ಐಸ್ ನೌ, ಸಿಡ್, ಇನ್ನು ನಮಗೆ ಬೇಕಾದ್ದು ನಿನ್ನ ಕಣ್ಣು, ಎಂದಿದ್ದ ತಂಡದ ಮ್ಯಾನೇಜರ್, ಇನ್ನೊಂದು ತಪ್ಪಿದರೆ ಸೋಮವಾರದ ಪಟ್ಟಿಯಲ್ಲಿ ಹೆಸರಿಲ್ಲ, ಮುಟ್ಟಿ ಅದು ಬಾಲ್ ಆದರೂ ಹೋದ, ಮುಟ್ಟದೆ ಬಿಟ್ಟು ಅದು ಸ್ಟ್ರೈಕ್ ಆಗಿದ್ದರೂ ಹೋದ, ಮೂವತ್ತೆರಡು ವರ್ಷದ ಕ್ಯಾಚರನನ್ನು ಮತ್ತೆ ಯಾರು ಕರೆಯುತ್ತಾರೆ — ಮುಟ್ಟು, ಮುಟ್ಟೋ —

ತಲೆ ಮುಟ್ಟುವುದೆಂದರೆ ಹುಡುಗಾಟವೇ, ಕ್ಯಾಲಿಫೋರ್ನಿಯಾದ ಇದೇ ಹೇವರ್ಡಿನಲ್ಲಿ, ಇಲ್ಲಿಂದ ಹತ್ತು ನಿಮಿಷದ ಮನೆಯಲ್ಲಿ, ಎಂಟು ವರ್ಷದವನ ಕೈ ಎಳೆದು ಅವ್ವ ತನ್ನ ತಲೆಯ ಮೇಲೆ ಇಟ್ಟುಕೊಂಡಿದ್ದಳು, ನನ್ನ ತಲಿ ಮುಟ್ಟಿ ಹೇಳು, ಬಾಜೂ ಮನಿ ಗಾಜು ನೀ ಒಡದಿಲ್ಲಂತ, ಒಡೆದಿಲ್ಲ ಎಂದ, ಎಣ್ಣೆ ಹಚ್ಚಿದ ಬೈತಲೆ ಬೆಚ್ಚಗಿತ್ತು, ಸುಳ್ಳು ಆಣೆ ಇಟ್ಟರೆ ತಲೆ ಉಳಿಯುವುದಿಲ್ಲವಂತೆ, ಒಂದು ವಾರ ಅವಳು ಕೆಮ್ಮಿದಾಗಲೆಲ್ಲ ಅವನ ಜೀವ ಬಾಯಿಗೆ ಬರುತ್ತಿತ್ತು, ಅವ್ವನಿಗೇನೂ ಆಗಲಿಲ್ಲ, ಸುಳ್ಳು ದಕ್ಕುತ್ತದೆ ಎಂದು ಆಗಲೇ ಕಲಿತನೇನೋ. ಅಗೋ ಮೂರನೇ ಸಾಲಿನಲ್ಲಿ ಕೂತಿದ್ದಾಳೆ ಅದೇ ಅವ್ವ, ಅಂಬವ್ವ, ಮಡಿಲಲ್ಲಿ ಚುರುಮುರಿ ಡಬ್ಬಿ, ಮೊನ್ನೆ ಕೇಳಿದಳು, ಹೊರಗ ಬಿದ್ದ ಚೆಂಡು ಒಳಗ ಬಿತ್ತಂತ ತೋರ್ಸೂದು, ಅದು ಕಳ್ಳತನ ಅಲ್ಲೇನೋ ಸಿದ್ದು, ಇಟ್ಸ್ ಎ ಸ್ಕಿಲ್, ಅವ್ವ, ಎಂದಿದ್ದ — ಕಸುಬೇ ಅದು, ಚೆಂಡು ನಾಲ್ಕು ಬೆರಳು ಆಚೆ ಬಂದರೂ ಹಿಡಿಯುತ್ತಲೇ ಮಣಿಕಟ್ಟನ್ನು ಒಳಕ್ಕೆ ಎಳೆದುಕೊಳ್ಳುವುದು, ತೊಟ್ಟಿಲು ತೂಗಿದಷ್ಟು ಮೆತ್ತಗೆ, ಅಂಪೈರುಗಳು ನಂಬುತ್ತಿದ್ದರು, ಹನ್ನೆರಡು ವರ್ಷ ಅದರಲ್ಲೇ ಅನ್ನ ಉಂಡಿದ್ದಾನೆ, ಅವನ ಬ್ಯಾಟಿಂಗನ್ನು ನಾಯಿಯೂ ಮೂಸುತ್ತಿರಲಿಲ್ಲ, ಈ ಮಣಿಕಟ್ಟೊಂದೇ ಅವನನ್ನು ದೊಡ್ಡ ಲೀಗಿಗೆ ಕರೆದೊಯ್ದಿತ್ತು, ಒಂಬತ್ತೇ ದಿನ, ಉಳಿದದ್ದು ಒಂದು ಫೋಟೋ, ಈಗ ಬ್ಯಾಟು ಹಿಡಿದವನೂ ತಲೆ ಮುಟ್ಟಿ ಕ್ಯಾಮೆರಾವನ್ನು ಕೇಳುತ್ತಾನೆ, ಕದ್ದದ್ದೆಲ್ಲ ಪರದೆಯ ಮೇಲೆ ಬರುತ್ತದೆ, ಜನ ನಗುತ್ತಾರೆ.

ಈಗಲೂ ಎಳೆದನೇ? ಗ್ಲೌಸು ಗೆರೆಯೊಳಗಿದೆ, ಚೆಂಡು ಬಂದದ್ದೇ ಅಲ್ಲಿಗೋ, ತಾನು ತಂದದ್ದೋ — ಖರೇ ಹೇಳು ಸಿದ್ದು — ಕಣ್ಣು ಒಳಗೆ ಎನ್ನುತ್ತದೆ, ಆದರೆ ಈ ಕಣ್ಣು ಹನ್ನೆರಡು ವರ್ಷ ಪ್ರತಿ ಚೆಂಡಿಗೂ ಒಳಗೆ ಎಂದೇ ಹೇಳಿದೆ, ಊರನ್ನೆಲ್ಲ ನಂಬಿಸುತ್ತ ನಂಬಿಸುತ್ತ ತಾನೇ ನಂಬಿಬಿಟ್ಟಿದ್ದಾನೆ, ಅಯ್ಯೋ, ಗೊತ್ತಿಲ್ಲ, ಅವನಿಗೆ ನಿಜವಾಗಿಯೂ ಗೊತ್ತಿಲ್ಲ, ಬಲಗೈ ಎದ್ದಿದೆ, ಮುಟ್ಟಪಾ, ತಲಿ ಮುಟ್ಟು, ಅವ್ವ ಎದ್ದು ನಿಂತು ಕೂಗುತ್ತಿದ್ದಾಳೆ, ಮಗ ಕಂಡದ್ದು ನಿಜವೇ ಇರಬೇಕೆಂದು ಅವಳಿಗೆ ನಂಬಿಕೆ, ಕೈ ಕಿವಿಯ ತನಕ ಬಂದಿದೆ, ಹೆಲ್ಮೆಟ್ಟಿಗೆ ಇನ್ನೆರಡು ಬೆರಳು, ಕೈ ನಿಂತಿದೆ, ಕೈ, ಹೆಲ್ಮೆಟ್ಟು, ನಡುವೆ ಎರಡು ಬೆರಳು.