ಬಿಟ್ಟುಕೊಟ್ಟ ಸೀಟು

ನಮ್ಮೂರಿನ ವಿಮಾನ ನಿಲ್ದಾಣಕ್ಕೆ ಆಗ ದಿನಕ್ಕೊಂದೇ ವಿಮಾನ, ಅದೂ ಹತ್ತೊಂಬತ್ತು ಸೀಟಿನದು. ಅಷ್ಟು ಚಿಕ್ಕದಾದ್ದರಿಂದ ಪೆಟ್ಟಿಗೆಗಳ ಜೊತೆ ಪ್ರಯಾಣಿಕರನ್ನೂ ತೂಕ ಮಾಡಬೇಕಿತ್ತು. ಆ ಕೆಲಸ ನಮ್ಮ ಚಿಕ್ಕಮ್ಮನದು. ಮೈಕಿನಲ್ಲಿ ಕೂಗುವವಳೂ ಅವಳೇ. “ಮೇಷ್ಟ್ರೇ, ನಿಮ್ಮ ಕೊಡೆ ಬೆಂಚಿನ ಮೇಲೇ ಉಳೀತು” ಎನ್ನುವುದೂ ಅದೇ ಮೈಕಿನಲ್ಲಿ.

ಆಗಿನ್ನೂ ಅವಳಿಗೆ ಮದುವೆಯಾಗಿರಲಿಲ್ಲ. ಬೇಸಿಗೆಯ ಒಂದು ಮಧ್ಯಾಹ್ನ ಎಲ್ಲರೂ ಹತ್ತಿ ಕುಳಿತ ಮೇಲೆ ಪೈಲಟ್ ಕೆಳಗಿಳಿದು ಬಂದ. ಈ ಬಿಸಿಲಿಗೆ ಇಷ್ಟು ಭಾರ ಮೇಲೇಳುವುದಿಲ್ಲ, ಒಬ್ಬರು ಇಳಿಯಲೇಬೇಕು ಎಂದ. ಯಾರೂ ಮಿಸುಕಲಿಲ್ಲ. ಎಲ್ಲರಿಗಿಂತ ಕೊನೆಗೆ ಟಿಕೆಟ್ ತೆಗೆದವರು ಇಳಿಯಬೇಕೆಂಬುದು ನಿಯಮ. ಹಾಗೆ ತೆಗೆದವಳು ಒಬ್ಬ ಟೈಲರಮ್ಮ, ಆಸ್ಪತ್ರೆಯಲ್ಲಿದ್ದ ತಾಯಿಯನ್ನು ನೋಡಲು ಹೊರಟಿದ್ದಳು. ಚಿಕ್ಕಮ್ಮ ಪಟ್ಟಿ ಹಿಡಿದು ಅವಳ ಮುಂದೆ ನಿಂತಳೇ ಹೊರತು ಇಳಿಯಿರಿ ಎನ್ನಲು ಬಾಯಿ ಬರಲಿಲ್ಲ. ಆಗ ಹಿಂದಿನ ಸೀಟಿನಲ್ಲಿದ್ದ ಗಡಿಯಾರ ರಿಪೇರಿಯವನೊಬ್ಬ ಚೀಲ ಎತ್ತಿಕೊಂಡು ಎದ್ದ.

ವಿಮಾನ ಹೋದ ಮೇಲೆ ಮಾತಿಗೆ ಮಾತು ಬಂದು ಗೊತ್ತಾಯಿತು, ಅವನು ಗಡಿಯಾರ ಕಾರ್ಖಾನೆಯೊಂದರಲ್ಲಿ ಅವತ್ತೇ ಕೆಲಸಕ್ಕೆ ಸೇರಬೇಕಿತ್ತು. ಚಿಕ್ಕಮ್ಮನಿಗೆ ಕೋಪವೇ ಬಂತು.

“ಮೊದಲೇ ಹೇಳಬಾರದಿತ್ತಾ?”

“ಹೇಳಿದ್ರೆ ನೀವು ಇಳಿಯೋಕೆ ಬಿಡ್ತಿರಲಿಲ್ಲ.”

ಚಿಕ್ಕಮ್ಮ ತನ್ನ ಊಟದ ಡಬ್ಬಿಯಲ್ಲಿ ಅರ್ಧ ಕೊಟ್ಟಳು. ಸುಮ್ಮನೆ ಕೂರಲಾರದೆ ಅವನು ನಿಲ್ದಾಣದ ಗೋಡೆಯ ನಿಂತುಹೋದ ಗಡಿಯಾರ ಇಳಿಸಿ ಬಿಚ್ಚತೊಡಗಿದ. ಮರುದಿನ ಫೋನ್ ಮಾಡಿದರೆ, ಕೆಲಸ ಬೇರೆಯವರಿಗೆ ಹೋಗಿತ್ತು. ತನ್ನ ಹಳ್ಳಿಗೆ ಬರಿಗೈಯಲ್ಲಿ ಮರಳಲು ಮನಸ್ಸಾಗದೆ ನಿಲ್ದಾಣದ ಗೇಟಿನ ಪಕ್ಕ ಸಣ್ಣ ಅಂಗಡಿ ಇಟ್ಟ.

ಮೂರು ವಾರಕ್ಕೆ ನಿಲ್ದಾಣದ ವಿಳಾಸಕ್ಕೊಂದು ಕಾಗದ ಬಂತು. ತಾಯಿ ಗುರುತು ಹಿಡಿದರು, ಎರಡು ದಿನ ಮಾತಾಡಿ ಕಣ್ಣು ಮುಚ್ಚಿದರು ಎಂದು ಟೈಲರಮ್ಮ ಬರೆದಿದ್ದಳು. ಅವನು ಓದಿ ಚಿಕ್ಕಮ್ಮನ ಕೈಗೆ ಕೊಟ್ಟ. ಮದುವೆಯಾದರೆ ಇವನನ್ನೇ ಎಂದು ಚಿಕ್ಕಮ್ಮನ ಮನಸ್ಸು ಗಟ್ಟಿಯಾದದ್ದು ಅವತ್ತೇ. ಹತ್ತಿದ ವಿಮಾನದಿಂದ ಇಳಿದು ಬಂದವನನ್ನು ನಂಬುವುದು ಹೇಗೆ ಎಂದು ತಾತ ವರ್ಷಗಟ್ಟಲೆ ಗೊಣಗಿ, ಕೊನೆಗೆ ತಾವೇ ನಿಂತು ಮದುವೆ ಮಾಡಿಸಿದರು.

ನಮ್ಮ ರಜೆಗಳೆಲ್ಲ ಕಳೆದದ್ದು ಆ ಅಂಗಡಿಯಲ್ಲೇ. ವಿಮಾನ ಇಳಿದರೆ ಗಾಜಿನ ಕಪಾಟು ಗಡಗಡ ಅಲುಗುತ್ತಿತ್ತು. ಚಿಕ್ಕಪ್ಪ ಕಣ್ಣಿನ ಭೂತಗನ್ನಡಿ ತೆಗೆಯದೆಯೇ ಬಿಡಿಭಾಗಗಳ ಮೇಲೆ ಅಂಗೈ ಮುಚ್ಚುತ್ತಿದ್ದರು.

ಹೋದ ವರ್ಷ ನಿಲ್ದಾಣ ಊರಾಚೆಯ ಹೊಸ ಕಟ್ಟಡಕ್ಕೆ ಹೋಯಿತು. ಹಳೆಯ ನಿಲ್ದಾಣಕ್ಕೆ ಬೀಗ ಬಿದ್ದ ದಿನವೇ ಚಿಕ್ಕಪ್ಪ ಅಂಗಡಿಯನ್ನೂ ಮುಚ್ಚಿದರು. ಆ ಕಾರ್ಖಾನೆಯ ಕೆಲಸ ಕೈತಪ್ಪಿದ್ದಕ್ಕೆ ಯಾವತ್ತಾದರೂ ಬೇಜಾರಾಗಿತ್ತಾ ಎಂದು ಕೇಳಿದೆ. ಅವರು ಬೆಂಚಿನ ಮೇಲೆ ಕುಳಿತರು.

“ಮೊದಲ ವಾರ ತುಂಬಾ ಆಗಿತ್ತು.”

ಈ ಮಾತನ್ನು ಚಿಕ್ಕಮ್ಮ ಅವತ್ತೇ ಮೊದಲ ಸಲ ಕೇಳಿದ್ದಿರಬೇಕು. ಕೈಲಿದ್ದ ಪೊರಕೆ ಗೋಡೆಗೊರಗಿಸಿ, ಬಂದು ಅವರ ಪಕ್ಕ ಕುಳಿತಳು.