ಓದುವವಳ ಪಾಲಿನ ಬೀಡಿ

ಐವತ್ತೆಂಟನೆಯ ಇಸವಿ. ಸುಳ್ಯ ಪೇಟೆಯ ಅಂಚಿನಲ್ಲಿ ತಿಮ್ಮಕ್ಕನ ಜಗಲಿ. ಮಧ್ಯಾಹ್ನ ಅಲ್ಲಿ ಬೀಡಿ ಕಟ್ಟಲು ಕೂರುವ ಹೆಂಗಸರಿಗೆ ಒಂದು ವಾಡಿಕೆ ಇತ್ತು: ಒಬ್ಬಳು ಕಾದಂಬರಿ ಓದಬೇಕು, ಅವಳ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡಬೇಕು. ಓದುವವಳು ತಿಮ್ಮಕ್ಕನ ಮಗಳು ನೀಲಾವತಿ. ಎಂಟನೆಯ ತರಗತಿ ಪಾಸಾದವಳು ಅವಳೊಬ್ಬಳೇ. ಮಿಕ್ಕವರಿಗೆ ಅಕ್ಷರವೆಂದರೆ ಬಸ್ಸಿನ ಬೋರ್ಡಿಗೆ ಯಾರೋ ಬಳಿದ ಬಣ್ಣ.

ಆ ತಿಂಗಳ ಕಾದಂಬರಿಯ ನಾಯಕಿ ವಿಮಲೆ ಬಡವರ ಮಗಳು, ಓದುವ ಹುಚ್ಚಿನವಳು, ಬಾಯಿ ಸ್ವಲ್ಪ ಜೋರು. ಅವಳು ಅತ್ತರೆ ಬೀಡಿ ಕಟ್ಟುವವರಲ್ಲಿ ಒಬ್ಬಳಾದ ಕಮಲಾವತಿ ಮೂಗೆಳೆಯುತ್ತಿದ್ದಳು. ನಾಯಕ ಮಾಧವ ಪತ್ರ ಬರೆದ ದಿನ, ಐವತ್ತು ದಾಟಿದ ಪಕ್ಕದ ಮನೆಯ ಸೇವಂತಿ ನಾಚಿ, ಬೀಡಿಗೆ ಹೊಗೆಸೊಪ್ಪು ತುಂಬುವುದನ್ನೇ ಮರೆತಳು.

"ಈ ವಿಮಲೆ ನಮ್ಮ ಹಾಗೆಯೇ ಮಾರಾಯ್ತಿ," ಎನ್ನುವಳು ಸೇವಂತಿ.

ನೀಲಾವತಿಗೆ ಮಾತ್ರ ಆ ವಾರವೆಲ್ಲ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ. ಮಂಗಳೂರಿನಲ್ಲಿ ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಲು ಶನಿವಾರವೇ ಕೊನೆ. ಅಪ್ಪ ಇಲ್ಲದ ಮನೆ. ಅವ್ವನೊಬ್ಬಳ ಬೀಡಿಯಿಂದ ಒಲೆ ಉರಿಯುವುದು ಹೇಗೆ? ಕೇಳಲು ನಾಲಿಗೆ ಏಳಲಿಲ್ಲ.

ಗುರುವಾರ ಕೊನೆಯ ಅಧ್ಯಾಯ. ಬಾಯಿ ತೆರೆಯುವ ಮೊದಲು ನೀಲಾವತಿ ಅದರ ಮೇಲೆ ಕಣ್ಣಾಡಿಸಿದಳು. ಪುಸ್ತಕದ ವಿಮಲೆ ಓದಿಗೆ ಎಳ್ಳುನೀರು ಬಿಟ್ಟು, ಮಾಧವನನ್ನು ಮದುವೆಯಾಗಿ, ಅವನಿಗೆ ಕಾಫಿ ಕಾಸುತ್ತಾ ಧನ್ಯಳಾಗಿದ್ದಳು. ನೀಲಾವತಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ಗಂಟಲು ಹರಿದುಕೊಂಡದ್ದು ಈ ಕಾಫಿಗೋ? ಪುಸ್ತಕವನ್ನು ಮುಖಕ್ಕೆ ಹಿಡಿದು, ಮನಸ್ಸಿಗೆ ಬಂದದ್ದನ್ನೇ ಓದಿದಳು. ವಿಮಲೆ ಮೊದಲು ಟೀಚರಾಗುತ್ತೇನೆ ಎಂದಳು. ತಾಯಿಯನ್ನು ಒಪ್ಪಿಸಿದಳು. ಮಾಧವ ಎರಡು ವರ್ಷ ಕಾದ.

"ಕಾಯಲಿ, ಅವನಿಗೆ ಬೇರೆ ಎಂತ ಕೆಲಸ ಉಂಟು?" ಎಂದಳು ಸೇವಂತಿ.

ವಿಮಲೆ ಸೆರಗು ಸರಿಮಾಡಿಕೊಂಡು ಶಾಲೆಯ ಮೆಟ್ಟಿಲು ಹತ್ತಿದಾಗ ಕಮಲಾವತಿ ಸಂತೋಷಕ್ಕೇ ಅತ್ತಳು. ತಿಮ್ಮಕ್ಕ ಮಾತ್ರ ಬೀಡಿಗೆ ನೂಲು ಸುತ್ತುತ್ತಲೇ ಇದ್ದಳು.

ಎಲ್ಲರೂ ಹೋದ ಮೇಲೆ ಅವಳು ಮೊರ ಕೊಡವುತ್ತಾ ಕೇಳಿದಳು: "ಕತೆ ಚಂದ ಇತ್ತು. ಪುಸ್ತಕದಲ್ಲಿ ಎಂತ ಉಂಟು?"

ನೀಲಾವತಿ ಪುಸ್ತಕವನ್ನು ಬೆನ್ನ ಹಿಂದೆ ಹಿಡಿದಳು. "ಅದೇ, ಅವ್ವ."

"ನನಗೆ ಓದ್ಲಿಕ್ಕೆ ಬರುದಿಲ್ಲ, ಆದ್ರೆ ಕಣ್ಣು ಕಾಣ್ತದೆ. ನಾನು ಎರಡು ಕಟ್ಟು ಬೀಡಿ ಮುಗಿಸಿದೆ, ನೀನು ಒಂದು ಪುಟವೂ ಮಗುಚಲಿಲ್ಲ."

ನೀಲಾವತಿ ಅರ್ಜಿಯ ವಿಷಯವನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಬೈಗುಳಕ್ಕೆ ತಲೆ ತಗ್ಗಿಸಿ ನಿಂತಳು. ತಿಮ್ಮಕ್ಕ ಬೈಯಲಿಲ್ಲ. ಅವಳಿಗೂ ಭಯವಿತ್ತು, ಮಗಳ ಮೇಲಿನ ಹೆಮ್ಮೆ ಅದಕ್ಕಿಂತ ಒಂದು ಹಿಡಿ ಹೆಚ್ಚಿತ್ತು. ಬೇಲಿಯ ಹತ್ತಿರ ಹೋಗಿ ಕರೆದಳು.

"ಸೇವಂತೀ, ನಮ್ಮ ನೀಲಾವತಿಗೆ ಓದ್ಲಿಕ್ಕೆ ಮಂಗಳೂರಿಗೆ ಹೋಗ್ಬೇಕಂತೆ."

ಆಚೆ ಪಾತ್ರೆ ತೊಳೆಯುವ ಸದ್ದು ನಿಂತಿತು.

"ಹೋಗಲಿ ತಿಮ್ಮಕ್ಕ. ನಾಳೆಯಿಂದ ಎಲೆ ಸ್ವಲ್ಪ ಜಾಸ್ತಿ ತಾ," ಎಂದಳು ಸೇವಂತಿ. "ಓದುವವಳ ಪಾಲಿನದ್ದು ನಾವೇ ಅಲ್ವಾ ಕಟ್ಟುದು?"